ಝಳ ಬಡಿದದ್ದಲ್ಲ

ಮಗಳಿಗೆ ಫಿಟ್ಸ್ ಬಂದರೆ ನಮ್ಮ ಕಡೆ ಮೊದಲು ಬಾಗಿಲು ಹಾಕುತ್ತಾರೆ, ಆಮೇಲೆ ಡಾಕ್ಟರನ್ನು ನೆನೆಯುತ್ತಾರೆ. ಸಂತಪುರದ ಜಿಜಾಬಾಯಿ ಮಾಡಿದ್ದೂ ಅದನ್ನೇ. ಎರಡು ವರ್ಷದ ಹಿಂದೆ ಮಗಳು ವಿಶಾಖಾ ಕೈಕಾಲು ಸೆಟೆದು ಬಿದ್ದು, ಬಳಿಕ ಏನೇನೋ ಬಡಬಡಿಸಿದಾಗ, "ಬಿಸಿಲ ಝಳ ಬಡದದ" ಎಂದು ಓಣಿಗೆಲ್ಲ ಹೇಳಿದಳು. ಮದುವೆಯಾಗಬೇಕಾದ ಹುಡುಗಿ! ಔರಾದದ ಡಾಕ್ಟರು ಫಿಟ್ಸಿಗೆಂದು ಬರೆದುಕೊಟ್ಟ ಗುಳಿಗೆಯನ್ನು ಇಂದಿಗೂ ಬೇಳೆ ಡಬ್ಬಿಯಲ್ಲಿ ಮುಚ್ಚಿಟ್ಟೇ ಕೊಡುತ್ತಾಳೆ.

ಅದು ಲೂಪಸ್ ಎಂದು ತಿಳಿದದ್ದು ಕಿಡ್ನಿ ಕೆಟ್ಟ ಮೇಲೆ. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಈಗ ಬೀದರಿನಲ್ಲಿ ಡಯಾಲಿಸಿಸ್. ತನ್ನದೇ ಕಿಡ್ನಿ ಕೊಡಲು ಜಿಜಾಬಾಯಿ ಸಿದ್ಧಳಾಗಿದ್ದಾಳೆ. ಇಂದು ಕಿಡ್ನಿ ಕಸಿ ಮಾಡುವ ಡಾಕ್ಟರ ಭೇಟಿ.

ಸರದಿಗೆ ಕೂತಾಗ ಮಗಳ ಕಿವಿಯಲ್ಲಿ ಹೇಳಿದಳು: "ಫಿಟ್ಸಿನ ಮಾತು ತೆಗೀಬ್ಯಾಡ. ಕಸಿ ಆಗಂಗಿಲ್ಲ ಅಂದುಬಿಡ್ತಾರ."

ಪಕ್ಕದಲ್ಲಿದ್ದ ಭಾಲ್ಕಿಯ ಖತೀಜಾ ಬೇಗಂಗೆ ಅದು ಕೇಳಿಸಿತು. ಆಕೆ ಕಸಿಯಾದ ಗಂಡನನ್ನು ತಪಾಸಣೆಗೆ ಕರೆತಂದಿದ್ದಳು.

"ತೌಬಾ! ಅಕ್ಕಾ, ಡಾಕ್ಟರೇನು ಹೆಣ್ಣು ನೋಡಲಿಕ್ಕ ಬಂದಾರೇನ್ರಿ, ಮುಚ್ಚಿಡಲಿಕ್ಕ?"

"ನಗಬ್ಯಾಡ್ರಿ. ನನ್ನ ಜೀವ ಹೊಡಕೊಳ್ಳಾಕತ್ತದ."

"ನಗಂಗಿಲ್ರಿ. ಕಸಿ ಆದಮ್ಯಾಲ ಕೊಡೋ ಗುಳಿಗಿ ಕೆಲವರ ತಲಿಗೂ ತ್ರಾಸ ಮಾಡ್ತಾವ. ಫಿಟ್ಸಿನ ಕೆಲವು ಗುಳಿಗಿ ಅವುಗಳ ಜೋರು ಕಮ್ಮಿ ಮಾಡ್ತಾವ. ನಮ್ಮವರಿಗೆ ಡಾಕ್ಟರ್ ಮೊದಲೇ ತಿಳಿಸಿದ್ರು. ಗೊತ್ತಿದ್ರ ಬದಲಿ ಕೊಡ್ತಾರ. ಗೊತ್ತಿಲ್ಲಂದ್ರ ನಿಮ್ಮ ಕಿಡ್ನಿನೇ ದಂಡ ಆದೀತು."

ಜಿಜಾಬಾಯಿಯ ಕೈ ತಾನೇ ಪಕ್ಕೆಗೆ ಹೋಯಿತು.

ಒಳಗೆ ಡಾಕ್ಟರು ಕೇಳಿದರು: "ಹಿಂದೆ ಫಿಟ್ಸ್, ಬಡಬಡಿಕೆ ಏನಾದ್ರೂ ಇತ್ತೇನಮ್ಮಾ?"

ವಿಶಾಖಾ ತಾಯಿಯ ಮುಖ ನೋಡಿದಳು.

"ಝಳ..." ಎಂದು ಜಿಜಾಬಾಯಿ ಮಾತು ತಡೆದಳು. "ಝಳ ಅಲ್ರಿ ಸಾಹೇಬ್ರ. ಫಿಟ್ಸ್ ಬಂದಿತ್ರಿ. ವಾರಗಟ್ಲೆ ನನ್ನ ಗುರ್ತೂ ಹಿಡೀಲಿಲ್ರಿ." ಬೇಳೆ ಡಬ್ಬಿಯ ಗುಳಿಗೆಯ ಹೆಸರನ್ನೂ ಹೇಳಿದಳು.

"ಹೇಳಿದ್ದು ಚಲೋ ಆತು. ಅಷ್ಟಕ್ಕೇ ಕಸಿ ಬ್ಯಾಡ ಅನ್ನಂಗಿಲ್ಲ. ಮೊದಲು ನರದ ಡಾಕ್ಟರು ನೋಡಲಿ. ಲೂಪಸ್ ಹತೋಟಿಗೆ ಬಂದದೋ ಇಲ್ಲೋ ನೋಡೋಣ. ಗುಳಿಗಿ ಹೊಂದಿಸಿಕೊಂಡು ಮುಂದಿನ ವಿಚಾರ ಮಾಡೋಣ."

ಹೊರಗೆ ವಿಶಾಖಾ ಮೆಲ್ಲಗೆ ಕೇಳಿದಳು: "ಅವ್ವಾ, ಖರೇನೇ ನಿನ್ನ ಗುರ್ತು ಹಿಡೀಲಿಲ್ಲೇನು?"

"ಮಾವಶಿ ಅಂತಿದ್ದಿ ನನಗ. ಹೆತ್ತವ್ವನ್ನ ಚಿಕ್ಕವ್ವ ಮಾಡಿದ್ದಿ."

ಮಗಳು ನಕ್ಕಳು. ಜಿಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಾಯಂದಿರೆ, ಅಣ್ಣಂದಿರೆ, ಲೂಪಸಿನಂಥ ಕಾಯಿಲೆಯಲ್ಲಿ ಎಂದಾದರೂ ಫಿಟ್ಸ್, ಬಡಬಡಿಕೆ, ಕೈಕಾಲು ಬಲ ಕಳೆದುಕೊಳ್ಳುವುದು ಕಂಡಿದ್ದರೆ ಕಿಡ್ನಿ ಕಸಿಗೆ ಮೊದಲೇ ಡಾಕ್ಟರಿಗೆ ತಿಳಿಸಿ. ಯಾವ ಗುಳಿಗೆಯನ್ನೂ ನೀವಾಗಿ ನಿಲ್ಲಿಸಬೇಡಿ. ಓಣಿಗೆ ಏನಾದರೂ ಹೇಳಿಕೊಳ್ಳಿ, ಡಾಕ್ಟರಿಗೆ ಮಾತ್ರ ಖರೆ ಹೇಳಿ.