ಅನಿವಾರ್ಯ ದಾರಿಗೊಂದು ಪುಟ

ನಿನ್ನ ದಾರಿಯ ಹಕ್ಕಿಗೆ ಅದರದೇ ಹೆಸರಿನ ಪುಟ ಕನ್ನಡದಾಗ ಬರೀತೀನವ್ವಾ, ನಿನ್ನ ಕಣ್ಣಾರೆ ಓದೀಯಂತೆ — ವಕೀಲಿಕೆಗೆ ಸೇರಿ ಕರಿಕೋಟು ತೊಟ್ಟ ವರ್ಷ ಕೊಟ್ಟ ಮಾತು, ಕಣೇಕಲ್ಲಿನಿಂದ ರಾಯದುರ್ಗಕ್ಕೆ ಹೊರಟ ಬಸ್ಸಿನಲ್ಲಿ ಈಗ ಪ್ರಸನ್ನಲಕ್ಷ್ಮಿಯ ಬೆನ್ನು ಹತ್ತಿದೆ, ಕಿಟಕಿಯಾಚೆ ಭತ್ತದ ಹಸಿರು, ಮಡಿಲಲ್ಲಿ ಕೇಸಿನ ಫೈಲು, ಮಗಳ ಶಾಲೆಯಿಂದ ಬಂದು ತಪ್ಪಿಹೋದ ಫೋನು, ಕುಣಿಯುವ ಮೊಬೈಲಿನಲ್ಲಿ, ಅವಳು ಅಂತರಜಾಲದ ವಿಶ್ವಕೋಶಕ್ಕೆ ಬರೆದುಹಾಕಿದ ಪುಟದ ಕೆಳಗೆ, ಅಲ್ಲಿಯ ಇನ್ನೊಬ್ಬ ಬರಹಗಾರ ಶಿವಶಂಕರ ಎಂಬವನ ಬರಹ: ಅನಿವಾರ್ಯ ದಾರಿಯ ಹಕ್ಕು ಈಸ್ಮೆಂಟ್, ಅಂದರೆ ಪರರ ಜಾಗ ಬಳಸುವ ಹಕ್ಕಿನ, ಕಾನೂನಿನ ಒಂದು ತುಣುಕು, ವಿಶ್ವಕೋಶದಲ್ಲಿ ಅದಕ್ಕೆ ಬೇರೆ ಲೇಖನ ಬೇಡ, ದೊಡ್ಡ ಲೇಖನದೊಳಗೆ ಸೇರಿಸೋಣ, ಆಕ್ಷೇಪಣೆ ಇದ್ದರೆ ಇಂದು ಸಂಜೆಯೊಳಗೆ ತಿಳಿಸಿ. ತುಣುಕಂತೆ — ಆ ತುಣುಕಿನಲ್ಲೇ ಅವ್ವನ ಅರ್ಧ ಆಯಸ್ಸು ಹೋಯಿತಲ್ಲ, ಮನೆ ಪಾಲಾದಾಗ ಮುಂದಿನ ಭಾಗ ದೊಡ್ಡಪ್ಪ ಗಾದಿಲಿಂಗಪ್ಪನಿಗೆ, ಹಿಂದಿನದು ಅಪ್ಪನಿಗೆ, ಬೀದಿಗೆ ಬರಲು ದೊಡ್ಡಪ್ಪನ ಪಡಸಾಲೆ ಬಿಟ್ಟರೆ ದಾರಿಯೇ ಇಲ್ಲ, ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟು ತಲೆಯ ಮೇಲೆ ಹೊತ್ತು ಅವ್ವ ಹೊಸ್ತಿಲಲ್ಲಿ ನಿಲ್ಲುತ್ತಾಳೆ, ಉಣ್ಣುವವರ ಮುಂದೆ ದಾಟಬಾರದು, ಅದು ದೊಡ್ಡಪ್ಪನಿಗೂ ಗೊತ್ತು, ಗಂಟು ಕಂಡ ಕೂಡಲೇ ಇನ್ನೊಂದು ಸೌಟು ಮಜ್ಜಿಗೆ ಹಾಕಿಸಿಕೊಳ್ಳುತ್ತಾನೆ, ಬೆರಳು ತಟ್ಟೆಯಲ್ಲಿ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ನಿಂದ್ರು ಉಚ್ಚಂಗಮ್ಮಾ, ಪ್ಯಾಂಟಿಗೆ ಎರಡು ಕಾಲಿದ್ರೂ ಅವೇನು ಓಡಿ ಹೋಗಂಗಿಲ್ಲ. ಭಾರಕ್ಕೆ ಉಬ್ಬಿದ ಅವ್ವನ ಕುತ್ತಿಗೆಯ ನರ. ದಾರಿ ಬಿಟ್ಟದ್ದು ಅವನ ದೊಡ್ಡತನ ಎಂದೇ ಅವ್ವ ನಂಬಿದ್ದಳು, ದೊಡ್ಡತನ ಅಲ್ಲವ್ವಾ, ಪಾಲಾದ ದಿನಾನೇ ಹುಟ್ಟಿದ ನಿನ್ನ ಹಕ್ಕು ಅದು ಎಂದರೆ, ಹೌದೇನು, ಎಲ್ಲಿ ಬರದೈತಿ ತೋರ್ಸು — ತೋರಿಸಿದ್ದು ಇಂಗ್ಲಿಷ್ ಪುಸ್ತಕ, ಅವ್ವ ಅದರ ಮೇಲೆ ಕೈಯಾಡಿಸಿ ಮುಚ್ಚಿಟ್ಟಳು.

ಬಿಡಬಾರದು, ಶಿವಶಂಕರನಿಗೆ ಬರೆದೇ ಬಿಟ್ಟಳು, ದಾರಿ ಮುಚ್ಚಿಹೋದ ಹೆಂಗಸು ಈಸ್ಮೆಂಟ್ ಎಂದು ಹುಡುಕುತ್ತಾಳೆಯೇ ಸ್ವಾಮಿ, ಬಸ್ಸು ಹಾರಿತು, ಅಕ್ಷರ ತಪ್ಪಿತು, ತಿದ್ದಿದಳು, ಕಳಿಸಿದಳು, ಇವನಿಗೆ ಬೇರೆ ಕೆಲಸವಿಲ್ಲವೇ, ಉತ್ತರ ಆಗಲೇ ಬಂತು: ಮೇಡಂ, ಯಾವ ಹೆಸರಿನಿಂದ ಹುಡುಕಿದರೂ ಆ ಭಾಗಕ್ಕೇ ಹೋಗುವಂತೆ ಮಾಡಬಹುದು, ಅದಿರಲಿ, ಜಾಗದವರು ಊಟಕ್ಕೆ ಕುಳಿತಿರುವಾಗ ಈ ಹಕ್ಕನ್ನು ಚಲಾಯಿಸುವಂತಿಲ್ಲ ಎಂದು ಬರೆದಿದ್ದೀರಿ, ಅದು ಯಾವ ಸೆಕ್ಷನ್? ಯಾವ ಸೆಕ್ಷನ್ — ಯಾವ ಸೆಕ್ಷನ್ನೂ ಅಲ್ಲ, ಯಾವ ತೀರ್ಪೂ ಅಲ್ಲ, ಕಾನೂನು ಓದಿ, ದಾರಿ ತಕರಾರಿನ ಕೇಸು ನಡೆಸಿ, ಮನೆಯಲ್ಲಿ ಕೂತು ಬರೆಯುವಾಗ ಕೈ ಒಂದು ಕ್ಷಣವೂ ತಡೆಯಲಿಲ್ಲವಲ್ಲ, ಅದರ ಸುತ್ತಲೇ ಮೂರು ಪ್ಯಾರಾ ಉದಾಹರಣೆ ಬೇರೆ, ಅವ್ವನಿಗೆ ಹಕ್ಕು ಹೇಳಿಕೊಟ್ಟವಳೇ ದೊಡ್ಡಪ್ಪನ ಊಟವನ್ನು ಕಾನೂನಿನೊಳಗೆ ತಂದು ಕೂರಿಸಿದ್ದಾಳೆ, ಕೋಪ ಯಾರ ಮೇಲೆ, ಶಿವಶಂಕರನ ಮೇಲೆ ಕೂಡ ನಿಲ್ಲದು, ಆ ಪ್ಯಾರಾಗಳನ್ನು ಅಳಿಸಿದಳು, ಉಳಿದದ್ದು ನಾಲ್ಕು ಸಾಲು, ಆ ನಾಲ್ಕೂ ದೊಡ್ಡ ಲೇಖನದಲ್ಲಿ ಆಗಲೇ ಇವೆ. ಅವ್ವನ ಫೋನು, ಬರಾಕತ್ತೀಯೇನು ಮಗಳ, ನಂದು ಆ ಪೇಜು ಆತೇನು — ಬಸ್ಸಿನಾಗ ಅದೀನವ್ವಾ, ಆಮ್ಯಾಲ ಮಾಡ್ತೀನಿ ಎಂದು ಫೋನಿಟ್ಟಳು, ಆಕ್ಷೇಪಣೆ ಇಲ್ಲ ಎಂದು ಬರೆಯಬೇಕು, ಬೆರಳು ಮೇಲೇಳುತ್ತಿಲ್ಲ, ತಟ್ಟೆಯಲ್ಲಿ ಸುತ್ತುವ ಆ ಬೆರಳು, ಮಜ್ಜಿಗೆಯಲ್ಲಿ ನೆನೆದು ಬಿಳುಪಾದ ಬೆರಳು, ಸುತ್ತುತ್ತಲೇ —

ಆಕ್ಷೇಪಣೆ ಇಲ್ಲ ಎಂದು ಬರೆದಳು. ಅವ್ವನ ದಾರಿಗೆ ಬೇರೆ ಪುಟ ಆಗಲಿಲ್ಲ. ಕೊಟ್ಟ ಮಾತು ತಪ್ಪಿತು.