ಮುಂಚೆಯೇ ಬರೆದ ಐದು ಗಂಟೆ

"ನೋಡ್ರಪ್ಪ, ಎಂಟನೇ ಕ್ಲಾಸಲ್ಲಿ ಮಣ್ಣು ಮುಕ್ಕಿದವನು ನನಗೆ ಅಪ್ಪನಾಗೋದು ಹೆಂಗೆ ಅಂತ ಪಾಠ ಹೇಳೋಕೆ ಬಂದಿದ್ದಾನೆ!"

ಅಪ್ಪನ ಮಾತಿಗೆ, ಪಾಳಿ ಮುಗಿಸಿ ಕಾರ್ಖಾನೆ ಗೇಟಿನಿಂದ ಹೊರಟಿದ್ದವರೆಲ್ಲ ಹಲ್ಲು ಕಿರಿದರು. ಪಂಕ್ಚರ್ ಅಂಗಡಿಯ ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದಿದ್ದ ಮಗ ಹಲ್ಲು ಕಚ್ಚಿ ನಿಂತ. ಗೇಟಿನ ಹಾಜರಿ ಪುಸ್ತಕ ನೋಡಿಕೊಳ್ಳೋದು ಅಪ್ಪನ ಕೆಲಸ. ಬಂದ ಹೊತ್ತು, ಹೋದ ಹೊತ್ತು, ರುಜು. ಎಂಜಲು ಹಚ್ಚಿದ ಬೆರಳಲ್ಲಿ ಹಾಳೆ ತಿರುವುತ್ತಿದ್ದ. ಎರಡು ತಿಂಗಳ ಹಿಂದೆ ಅದೇ ಬೆರಳಲ್ಲಿ ತಂಗಿಯ ಗುಟ್ಟಿನ ನೋಟ್‌ಬುಕ್ ತಿರುವಿ, ನೆಂಟರೆದುರು ಒಂದೊಂದೇ ಸಾಲು ಓದಿ ನಕ್ಕಿದ್ದ. ಅವತ್ತು ಬಾಯಿ ಮುಚ್ಚಿದ ಹದಿಮೂರರ ಹುಡುಗಿ ಯಾರ ಮುಂದೂ ಮತ್ತೆ ತುಟಿ ಬಿಚ್ಚಿರಲಿಲ್ಲ.

"ಅಪ್ಪನೋ ಅಮ್ಮನೋ ಜೊತೆಗೆ ಕೂರದಿದ್ರೆ ತಂಗಿ ಕೌನ್ಸೆಲಿಂಗ್ ಇನ್ನು ಮುಂದಕ್ಕೆ ಹೋಗಲ್ಲ ಅಂದಿದ್ದಾರೆ ಮೇಡಂ. ಇವತ್ತು ನಾಲ್ಕರಿಂದ ಐದರವರೆಗೆ ಕೂತು ರುಜು ಹಾಕಲೇಬೇಕಪ್ಪ."

"ನಿಮ್ಮಮ್ಮನ್ನ ಎಳ್ಕೊಂಡು ಹೋಗು."

"'ಅವರು ಬೈತಾರೆ, ನನ್ನನ್ನ ಇದರಲ್ಲಿ ಸಿಕ್ಕಿಸಬೇಡ' ಅಂದ್ಲು."

ಅಪ್ಪ ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸಿದ. "ಒಂದು ರುಜು ತಾನೇ? ಬಿಸಾಕಿ ಬರ್ತೀನಿ, ನಡಿ."

ಮೇಡಂ ಅವರ ಚಿಕ್ಕ ಕೋಣೆ. ನಾಲ್ಕು ಕುರ್ಚಿ, ಗೋಡೆಗೊಂದು ಗಡಿಯಾರ, ಮೂಲೆಯಲ್ಲಿ ಗೊಂಬೆಗಳ ಬುಟ್ಟಿ. ತಂಗಿ ಉಗುರು ಕಚ್ಚುತ್ತಿದ್ದಳು. ಅಪ್ಪ ಬಸ್ಸಿಗೆ ಕಾಯುವವನ ಹಾಗೆ ಕುರ್ಚಿಯ ತುದಿಗೆ ಕೂತ.

"ನೋಟ್‌ಬುಕ್ ಓದಿದ್ದರ ಬಗ್ಗೆ ಮಗಳಿಗೆ ಒಂದು ಮಾತು ಹೇಳ್ತೀರಾ ಸರ್?" ಅಂದರು ಮೇಡಂ.

"ಮಗಳ ಪುಸ್ತಕ ಅಪ್ಪ ನೋಡದೆ ಪಕ್ಕದ್ಮನೆಯವನು ನೋಡ್ತಾನಾ?"

ಅಷ್ಟೇ. ಮೇಜಿನ ಮೇಲಿದ್ದ ಹಾಜರಿ ಹಾಳೆ ತನ್ನತ್ತ ಎಳೆದುಕೊಂಡ. ಬಂದ ಹೊತ್ತು: ನಾಲ್ಕು. ಹೋದ ಹೊತ್ತು: ಐದು. ಕೆಳಗೆ ಉದ್ದನೆಯ ರುಜು. ಗೇಟಲ್ಲೂ ಇದೇ ಚಾಳಿ. ಬೇಗ ಜಾರಿಕೊಳ್ಳಬೇಕಾದ ದಿನ ಸಂಜೆಯ ಹೊತ್ತನ್ನು ಮಧ್ಯಾಹ್ನವೇ ತುಂಬಿಡುತ್ತಿದ್ದ. ಎದ್ದು ಪ್ಯಾಂಟು ಮೇಲೆಳೆದುಕೊಂಡ.

"ಇನ್ನೂ ನಾಲ್ಕೂ ಹತ್ತು."

ತಂಗಿ! ತುಕ್ಕು ಹಿಡಿದ ಬೀಗ ತೆರೆದಂಥ ದನಿ. ಮಗ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. ಇನ್ನೊಂದು ಮಾತು, ಇನ್ನೊಂದೇ ಒಂದು ಮಾತು ಬಂದುಬಿಡಲಿ.

ಅಪ್ಪ ಚಪ್ಪಾಳೆ ತಟ್ಟಿದ. "ಕೇಳಿದ್ರಾ! ಬಾಯಿ ಬಂತು! ನಿಮಗೆ ಇಷ್ಟು ದಿನವಾದ್ರೂ ಆಗಲಿಲ್ಲ, ನಾನು ಹತ್ತು ನಿಮಿಷಕ್ಕೆ ವಾಸಿ ಮಾಡ್ದೆ!"

ಹುಡುಗಿಯ ತುಟಿ ಮತ್ತೆ ಅಂಟಿಕೊಂಡಿತು. ಅಪ್ಪ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದವರಿಗೂ ಕೇಳಲಿ ಅಂತ ಬಾಗಿಲು ಪೂರ್ತಿ ತೆರೆದು ಹೊರಬಿದ್ದ. ತಡೆಯೋಕೆ ಮಗ ಹಿಂದೆಯೇ ಓಡಿದ. ಎಂಟು ಜೊತೆ ಕಣ್ಣು ಇಬ್ಬರ ಮೇಲೂ ನೆಟ್ಟವು.

ಒಳಗೆ ಮೇಡಂ ಹಾಳೆಯ ಐದನ್ನು ಹೊಡೆದುಹಾಕಿ ನಾಲ್ಕೂ ಹತ್ತು ಅಂತ ಬರೆದರು. ಖಾಲಿ ಕುರ್ಚಿ ತೋರಿಸಿ, "ಅಣ್ಣ ಕೂರಬಹುದಾ ಪುಟ್ಟಿ?" ಅಂತ ಕೇಳಿದರು.

ತಂಗಿ ಬಾಗಿಲ ಕಡೆ ನೋಡಿ ತಲೆಯಾಡಿಸಿದಳು. ಹೂಂ.

"ಏಯ್ ಪಂಕ್ಚರ್!" ಅಪ್ಪ ಎಲ್ಲರೆದುರು ಚಿಟಿಕೆ ಹೊಡೆದ. "ಬೈಕ್ ತೆಗಿ. ಕಿವಿಯಲ್ಲೂ ಗಾಳಿ ಹೋಗಿದೆಯೇನೋ?"

ಮಗ ಗ್ರೀಸ್ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಪ್ಪನಿಗೆ ಬೆನ್ನು ಹಾಕಿ, ಒಳಗಿನ ಖಾಲಿ ಕುರ್ಚಿಯ ಕಡೆ ನಡೆದ.