ಮೇಷ್ಟ್ರ ಮನೆಗೆ ಗೀಸರ್ ಹಾಕುವವನು

ಮಾರ್ಗಶಿರ ಮಾಸದ ಒಂದು ಬೆಳಗ್ಗೆ ಕರಿಬಸವಯ್ಯ ಮೇಷ್ಟ್ರು ಮೊದಲ ಚೊಂಬು ನೀರನ್ನು ತಲೆಯ ಮೇಲೆ ಸುರಿದುಕೊಂಡವರು ಹಾಗೆಯೇ ನಿಂತುಬಿಟ್ಟರು. ಆ ನೀರು ಬಂಡೀಪುರದ ಕಾಡಿನಿಂದ ನೇರವಾಗಿ ಬಕೆಟ್ಟಿಗೆ ಇಳಿದು ಬಂದಂತಿತ್ತು. ಗೋಡೆಯ ಮೇಲಿದ್ದ ಗೀಸರಿನ ಕೆಂಪು ದೀಪ ಆರಿಹೋಗಿತ್ತು. ಶಿವಶಿವಾ ಎನ್ನುತ್ತಲೇ ಸ್ನಾನ ಮುಗಿಸಿ, ನಡುಗುವ ಬೆರಳಲ್ಲಿ ವಿಭೂತಿ ಧರಿಸಿ ಹೊರಬಂದಾಗ ಹೆಂಡತಿ ಸುಧಾಮಣಿ ಕೇಳಿದ್ದು ಒಂದೇ ಮಾತು.

"ಯಾರನ್ನಾದ್ರೂ ನೀವು ಕರೀತೀರೋ, ನಾನೇ ಕರೀಲೋ?"

"ಯಾರನ್ನಾದ್ರೂ ಅಂದ್ರೆ? ಕರೆಂಟಿನ ಕೆಲಸ ಕಣೆ ಇದು. ನಾಕು ಕಡೆ ವಿಚಾರ್ಸಿ ಕರೀಬೇಕು."

ಮೇಷ್ಟ್ರು ವಿಚಾರಿಸುವುದೆಂದರೆ ಏನೆಂದು ಸುಧಾಮಣಿಗೆ ಗೊತ್ತಿತ್ತು. ಹಾಲ್‌ಗೆ ಒಂದು ಫ್ಯಾನ್ ಕೊಳ್ಳಲು ಬೇಸಿಗೆಯ ಶುರುವಿನಲ್ಲಿ ವಿಚಾರಿಸತೊಡಗಿದ್ದರು. ಫ್ಯಾನ್ ಮನೆಗೆ ಬಂದ ದಿನ ಎಲ್ಲರೂ ರಗ್ಗು ಹೊದ್ದು ಕೂತಿದ್ದರು. ಸುಧಾಮಣಿ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿ ಗ್ಯಾಸ್ ಒಲೆಯ ಮೇಲೆ ನೀರಿಟ್ಟರು.

ಅವರಿಗೆ ಇನ್ನೊಂದು ಸಂಕಟವೂ ಇತ್ತು. ಎರಡು ತಿಂಗಳಿಂದ ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಹೇಳುತ್ತಲೇ ಬಂದಿದ್ದರು. ಮೇಷ್ಟ್ರು ಅದನ್ನು ನರಗಳ ನಿಶ್ಶಕ್ತಿ ಎಂದು ತೀರ್ಮಾನಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಬರೆಸಿದ್ದರು. ಮಾತ್ರೆ ಮುಗಿದರೂ ಜುಮ್ಮೆನ್ನುವುದು ಮುಗಿಯಲಿಲ್ಲ. ಅಡುಗೆಮನೆಯ ನಲ್ಲಿ ಮುಟ್ಟಿದಾಗ ನರ ಯಾಕೆ ಸುಮ್ಮನಿರುತ್ತದೆ ಎಂದು ಸುಧಾಮಣಿ ಒಮ್ಮೆ ಕೇಳಿದಾಗ ಮೇಷ್ಟ್ರು ಪೇಪರ್ ಓದುತ್ತಿದ್ದರು. ಅವರಿಗೆ ಆ ಅನುಭವ ಆಗುವ ಹಾಗೂ ಇರಲಿಲ್ಲ. ಬಕೆಟ್ ಇಟ್ಟು ನಲ್ಲಿ ತಿರುಗಿಸುವುದು, ತುಂಬಿದ ಮೇಲೆ ನಿಲ್ಲಿಸುವುದು, ಎಲ್ಲ ಸುಧಾಮಣಿಯದೇ ಕೆಲಸ.

ಮೇಷ್ಟ್ರು ತೆರಕಣಾಂಬಿಯ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಹೇಳಿಕೊಟ್ಟು, ನಿವೃತ್ತರಾಗಿ ಗುಂಡ್ಲುಪೇಟೆಯಲ್ಲಿ ಮನೆ ಮಾಡಿದವರು. ಸುತ್ತಮುತ್ತ ಯಾರನ್ನು ಕಂಡರೂ ಅವರಿಗೆ ಹೆಸರಿಗಿಂತ ಮೊದಲು ನೆನಪಾಗುವುದು ವಿಜ್ಞಾನದಲ್ಲಿ ಬಂದಿದ್ದ ಅಂಕ. ಟಿಕೆಟ್ ಕೊಡುವ ಕಂಡಕ್ಟರ್ ಅವರ ಪಾಲಿಗೆ ನಲವತ್ತೆರಡು, ಬ್ಯಾಂಕಿನ ಕಿಟಕಿಯಲ್ಲಿ ಕೂತವಳು ಅರವತ್ತೆಂಟು. ಹೀಗಾಗಿ ಗೀಸರ್ ಹಾಕುವವನನ್ನು ಹುಡುಕುವ ದಾರಿಯೂ ಸಲೀಸಾಗಿಯೇ ಕಂಡಿತು. ಕರೆಂಟಿನ ಕೆಲಸಕ್ಕೆ ಹೋದ ಹಳೆಯ ಶಿಷ್ಯರನ್ನೆಲ್ಲ ನೆನಪಿಸಿಕೊಂಡು, ಹೆಚ್ಚು ಅಂಕದವನಿಂದ ಶುರುಮಾಡಿದರು.

ತೊಂಬತ್ತೇಳು ತೆಗೆದಿದ್ದ ಸುನೀಲ್ ಕುಮಾರ್ ಚಾಮರಾಜನಗರದಲ್ಲಿ ದೊಡ್ಡ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ. ಮೇಷ್ಟ್ರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಸ್ ಹತ್ತಿ ಹೋದರು. ಸುನೀಲ್ ಗಲ್ಲಾ ಬಿಟ್ಟು ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದ, ಕಾಫಿ ತರಿಸಿದ, ಗಿರಾಕಿಗಳಿಗೆಲ್ಲ ನಮ್ಮ ಮೇಷ್ಟ್ರು ಎಂದು ತೋರಿಸಿದ. ಮೇಷ್ಟ್ರು ಬಾಯಿಮಾತಿನ ಒಂದು ಸಣ್ಣ ಪರೀಕ್ಷೆ ಮಾಡಿದರು: ಮೂರು ಸಾವಿರ ವ್ಯಾಟಿನ ಗೀಸರ್ ಎಷ್ಟು ಆಂಪಿಯರ್ ಎಳೆಯುತ್ತದೆ? ಸುನೀಲ್ ತಡವರಿಸದೆ ಉತ್ತರ ಹೇಳಿದ. ಮೇಷ್ಟ್ರಿಗೆ ಕಣ್ಣು ತುಂಬಿ ಬರುವುದೊಂದು ಬಾಕಿ.

"ನೀವು ಮನೇಲಿ ಆರಾಮಾಗಿರಿ ಸಾರ್. ಇಪ್ಪತ್ತೈದು ಲೀಟರಿಂದು ಕಳಿಸ್ತೀನಿ. ಅರ್ಧ ಗಂಟೇಲಿ ಫಿಟ್ ಮಾಡಿ ಹೋಗ್ತಾರೆ."

"ಯಾರು ಬರೋದು?"

"ಅವತ್ತು ಯಾರು ಖಾಲಿ ಇದ್ರೆ ಅವರು ಸಾರ್."

ಮನೆಗೆ ಬಂದು ಮೇಷ್ಟ್ರು ಆಂಪಿಯರಿನ ಕಥೆಯನ್ನು ಎರಡು ಸಲ ಹೇಳಿದರು. ಸುಧಾಮಣಿ ಚಪಾತಿ ಮಗುಚುತ್ತಾ ಕೇಳಿದರು. "ಹಳೇ ಗೀಸರ್ ಏನಾಗಿ ಕೆಟ್ಟೋಯ್ತು ಅಂತ ಕೇಳಿದ್ನಾ?"

"ಇಲ್ಲ."

"ನಮ್ಮ ಬಚ್ಚಲು ಎಷ್ಟಗಲ ಅಂತ?"

ಮೇಷ್ಟ್ರು ಇನ್ನೊಂದು ಚಪಾತಿ ಕೇಳಿದರು. ಸದ್ಯಕ್ಕೆ ಗೀಸರ್ ಕಳಿಸಬೇಡ ಎಂದು ಮರುದಿನ ಸುನೀಲನಿಗೆ ಫೋನ್ ಮಾಡಿದರು.

ಎರಡನೆಯವನು ಪಕ್ಕದ ಬೀದಿಯ ಮಹಾಲಿಂಗ, ಐವತ್ತೆಂಟು. ಫೋನ್ ಇಟ್ಟ ಐದೇ ನಿಮಿಷಕ್ಕೆ ಬಾಗಿಲಲ್ಲಿ ನಿಂತ. ಜೇಬಿನಿಂದ ಟೆಸ್ಟರ್ ತೆಗೆದು ಸೀದಾ ಗೀಸರಿನ ಮುಚ್ಚಳಕ್ಕೇ ಕೈ ಹಾಕಿದ.

"ಮೇನ್ ಆಫ್ ಮಾಡ್ಲೇನಪ್ಪ?" ಸುಧಾಮಣಿ ಕೇಳಿದರು.

"ಬ್ಯಾಡ ಬುಡಿ ಅಮ್ಮ. ನಂಗೆ ಅಭ್ಯಾಸ ಆಗ್ಬುಟ್ಟದೆ."

"ನಮಗೆ ಆಗಿಲ್ಲ ಕಣಪ್ಪ," ಎಂದು ಸುಧಾಮಣಿ ಅವನನ್ನು ಹೊರಗೆ ಕರೆದು, ಟೀ ಕೊಟ್ಟು, ಅವನ ಮಕ್ಕಳ ಯೋಗಕ್ಷೇಮ ವಿಚಾರಿಸಿ, ನಗುನಗುತ್ತಲೇ ಸಾಗಹಾಕಿದರು. ತನ್ನನ್ನು ಬೇಡವೆಂದರು ಎನ್ನುವುದು ಮಹಾಲಿಂಗನಿಗೆ ತಿಳಿದದ್ದು ಬಹುಶಃ ಮನೆಗೆ ಹೋದ ಮೇಲೆ.

ಹನ್ನೆರಡನೆಯ ದಿನ ಗ್ಯಾಸ್ ಸಿಲಿಂಡರ್ ಮುಗಿಯಿತು. ಸುಧಾಮಣಿ ಭೀಮನಬೀಡಿನಲ್ಲಿದ್ದ ನಾದಿನಿ ಚಿಕ್ಕಮಲ್ಲಮ್ಮನಿಗೆ ಫೋನ್ ಮಾಡಿ, ಅವರ ತೋಟದ ಮೋಟಾರು ನೋಡುವವನ ನಂಬರ್ ತೆಗೆದುಕೊಂಡರು. ಆಮೇಲೆ ಗಂಡನಿಗೆ ತಿಳಿಸಿದರು. "ನಾಳೆ ಶಿವಮಲ್ಲು ಬತ್ತಾನೆ."

ಮೇಷ್ಟ್ರು ಕನ್ನಡಕ ತೆಗೆದರು. "ಯಾವ ಶಿವಮಲ್ಲು? ಕೊನೇ ಬೆಂಚಲ್ಲಿ ಕೂರ್ತಿದ್ದನಲ್ಲ, ಅವನಾ? ಹದಿನೇಳು ಕಣೆ ಅವನು."

"ವಯಸ್ಸಾ?"

"ಮಾರ್ಕ್ಸು."

"ನೂರಕ್ಕೆ ತೊಂಬತ್ತೇಳು ತಗೊಂಡವನ ಕೈಲಿ ಹನ್ನೆರಡು ದಿನ ನೀರು ಕಾಯ್ಲಿಲ್ಲ. ಇವನ್ನೂ ನೋಡನ ಬುಡಿ."

ಶಿವಮಲ್ಲು ಮೊಪೆಡ್ಡಿನಲ್ಲಿ ಬಂದ. ನಲವತ್ತು ದಾಟಿದ ಆಳು. ಮೇಷ್ಟ್ರನ್ನು ಕಂಡೊಡನೆ ಚಪ್ಪಲಿ ಬಿಟ್ಟು, ಕ್ಲಾಸಿನ ಹೊರಗೆ ನಿಂತಿದ್ದ ದಿನಗಳ ಹಾಗೆಯೇ ಗೋಡೆಗೆ ಒತ್ತಿಕೊಂಡು ನಿಂತ. ಗೀಸರನ್ನು ಮುಟ್ಟಲಿಲ್ಲ. ಮೊದಲು ಮೇನ್ ಎಲ್ಲಿದೆ ಎಂದು ನೋಡಿಕೊಂಡ. ಆಮೇಲೆ ಸುಧಾಮಣಿಯ ಕಡೆ ತಿರುಗಿದ.

"ಕೆಡಕ್ಕಿಂತ ಮುಂಚೆ ಏನಾರ ವ್ಯತ್ಯಾಸ ಕಂಡಿತ್ತಾ ಅಮ್ಮ?"

ಇಷ್ಟು ದಿನದಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಸುಧಾಮಣಿ ನಲ್ಲಿಯ ವಿಷಯವನ್ನು ಮೊದಲಿನಿಂದ ಹೇಳಿದರು, ಮಾತ್ರೆಯ ಸಮೇತ. ಶಿವಮಲ್ಲು ನಗಲಿಲ್ಲ. ಅದಕ್ಕೆ ಮೇಷ್ಟ್ರು ಒಳಗೊಳಗೇ ಕೃತಜ್ಞರಾದರು.

ಅವನು ಚೀಲದಿಂದ ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು ತೆಗೆದ. ಅದರ ಎರಡು ತಂತಿಗಳನ್ನು ಗೀಸರಿನ ಪ್ಲಗ್ ಪಾಯಿಂಟಿನ ಕೆಳಗಿನ ಎರಡು ತೂತುಗಳಿಗೆ ಕೊಟ್ಟಾಗ ಬಲ್ಬು ಉರಿಯಿತು. ಒಂದು ತಂತಿಯನ್ನು ತೆಗೆದು ಮೇಲಿನ ದಪ್ಪ ತೂತಿಗೆ, ಅಂದರೆ ಅರ್ತಿಗೆ, ಕೊಟ್ಟ. ಉರಿಯಲಿಲ್ಲ.

"ಅರ್ತ್ ಸತ್ತೋಗ್ಯದೆ ಸಾ. ಗೀಸರ್ ಒಳಗೆ ಕರೆಂಟು ಸೋರ್ತಾ ಇತ್ತು. ಭೂಮಿಗೆ ಓಗಕ್ಕೆ ದಾರಿ ಇಲ್ದೆ ನೀರಲ್ಲಿ, ನಲ್ಲೀಲಿ ಬತ್ತಿತ್ತು. ಅಮ್ಮಾರು ಪುಣ್ಯ ಮಾಡಿದ್ರು ಬುಡಿ."

ಶಿವಮಲ್ಲು ಮೇನಿನಿಂದ ಅರ್ತಿನ ತಂತಿಯ ಜಾಡು ಹಿಡಿದು ಮನೆಯ ಹಿಂದಕ್ಕೆ ನಡೆದ. ಗೋಡೆಯ ಬುಡದಲ್ಲಿ, ನೆಲದಿಂದ ಮೊಳ ಮೇಲೆ, ತಂತಿ ತುಂಡಾಗಿತ್ತು. ಅಲ್ಲೇ ಪಕ್ಕದಲ್ಲಿ ಮಲ್ಲಿಗೆಯ ಹೊಸ ಹಂದರ. ಅದರ ನಾಲ್ಕು ಗೂಟಗಳಿಗೂ ಅದೇ ದಪ್ಪದ ತಂತಿ ಅಚ್ಚುಕಟ್ಟಾಗಿ ಬಿಗಿದಿತ್ತು. ಅವನು ತಂತಿಯನ್ನು ನೋಡಿದ, ಹಂದರವನ್ನು ನೋಡಿದ, ಆಮೇಲೆ ಬಹಳ ಮರ್ಯಾದೆಯಿಂದ ತೆಂಗಿನಮರದ ತುದಿಯನ್ನು ನೋಡಿದ.

"ಈ ಹಂದರ ಯಾವಾಗ ಕಟ್ಟಿದ್ದು?" ಸುಧಾಮಣಿ ಕೇಳಿದರು.

"ದಸರಾ ಆದ ಮೇಲೆ," ಎಂದರು ಮೇಷ್ಟ್ರು. "ಹಳೇ ತಂತಿ, ಸುಮ್ನೆ ನೇತಾಡ್ತಿತ್ತು ಅಂತ…"

ಸುಧಾಮಣಿ ಬೆರಳಲ್ಲಿ ತಿಂಗಳು ಎಣಿಸಿದರು. ಎರಡು ಬೆರಳು ಸಾಕಾಯಿತು. "ಹೂವು ಮಾತ್ರ ಚೆನ್ನಾಗಿ ಬಿಡ್ತಾವೆ," ಎಂದು ಒಳಗೆ ಹೋದರು. ಬೈದಿದ್ದರೆ ಮೇಷ್ಟ್ರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಹೊಸ ಗೀಸರ್ ತಂದು ಅವತ್ತೇ ಹಾಕು ಎಂದರೆ ಶಿವಮಲ್ಲು ಒಪ್ಪಲಿಲ್ಲ. ನೆಲದಲ್ಲಿ ಹೂತಿರುವ ಹಳೇ ಅರ್ತ್ ಕಂಬಿ ತುಕ್ಕು ತಿಂದು ಹೋಗಿದೆ, ಮೊದಲು ಹೊಸದಾಗಿ ಅರ್ತ್ ಗುಂಡಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಒಂದು ಸ್ವಿಚ್ಚು, ಆಮೇಲೆ ಗೀಸರ್ ಎಂದ. "ಇಲ್ಲಾಂದ್ರೆ ಬ್ಯಾರೆಯವರ ಕೈಲಿ ಹಾಕಿಸ್ಕಳಿ ಸಾ. ನಾ ಹಾಕಿ ಹೋದ್ರೆ ನಂಗೆ ನಿದ್ದೆ ಬರಕಿಲ್ಲ." ಮರುದಿನ ಅವನು ಗುಂಡಿ ತೋಡುತ್ತಿದ್ದರೆ ಮೇಷ್ಟ್ರು ಸಂತೆಬೀದಿಗೂ ಮನೆಗೂ ಎರಡು ಸಲ ಓಡಾಡಿ ಕಲ್ಲುಪ್ಪು, ಇದ್ದಿಲು ಹೊತ್ತು ತಂದರು. ಮೊದಲ ಸಲ ತಂದ ಇದ್ದಿಲು ಸಾಲದು ಎಂದು ಶಿಷ್ಯ ವಾಪಸ್ಸು ಕಳಿಸಿದ್ದ.

ಬೆವರು ಒರೆಸಿಕೊಂಡ ಮೇಷ್ಟ್ರಿಗೆ ಹಳೆಯ ಚಾಳಿ ತಡೆಯಲಾಗಲಿಲ್ಲ. "ಉಪ್ಪು ಯಾಕ್ಲಾ ಹಾಕದು?"

"ಉಪ್ಪು ತ್ಯಾವ ಹಿಡ್ಕತದೆ ಸಾ. ತ್ಯಾವ ಇದ್ರೆ ಕರೆಂಟು ಸಲೀಸಾಗಿ ಭೂಮಿಗೆ ಓಯ್ತದೆ. ಅದಕ್ಕೇ ಬ್ಯಾಸ್ಗೇಲಿ ಗುಂಡಿಗೆ ನೀರು ಉಯ್ಬೇಕು. ನೀವೇ ಹೇಳ್ಕೊಟ್ಟಿದ್ದು, ಒಂಬತ್ನೇ ಕ್ಲಾಸಲ್ಲಿ. ಅವತ್ತು ಒಂದು ಮಡಕೇಲಿ ಮಣ್ಣು ತುಂಬಿ ತೋರ್ಸಿದ್ರಿ."

ಮೇಷ್ಟ್ರಿಗೆ ಮಡಕೆ ನೆನಪಾಯಿತು. ಕೊನೆಯ ಬೆಂಚಿನಿಂದ ಕತ್ತು ಚಾಚಿ ನೋಡುತ್ತಿದ್ದ ಒಂದು ಮುಖವೂ ನೆನಪಾದಂತಾಯಿತು.

"ಇಷ್ಟು ಗೊತ್ತಿದ್ದೋನು ಪರೀಕ್ಷೇಲಿ ಯಾಕ್ಲಾ ಬರೀಲಿಲ್ಲ?"

ಶಿವಮಲ್ಲು ಗುಂಡಿಯೊಳಗೆ ಉಪ್ಪು ಸುರಿಯುತ್ತಾ ಹೇಳಿದ. "ಬರ್ಯಕ್ಕೆ ಬತ್ತಿರ್ನಿಲ್ಲ ಸಾ. ಅಕ್ಷರ ಕೂಡ್ಸಕ್ಕೆ ಆಯ್ತಿರ್ನಿಲ್ಲ. ಬಾಯಲ್ಲಿ ಕೇಳಿದ್ರೆ ಹೇಳ್ಬುಡ್ತಿದ್ದೆ. ಯಾರೂ ಕೇಳ್ನಿಲ್ಲ."

ಅವನ ದನಿಯಲ್ಲಿ ಯಾವ ದೂರೂ ಇರಲಿಲ್ಲ. ಮೇಷ್ಟ್ರು ಬಗ್ಗಿ ಇದ್ದಿಲಿನ ಚೀಲದ ಬಾಯಿ ಬಿಚ್ಚಿ ಅವನ ಕೈಗೆ ಕೊಟ್ಟರು. ಗುಂಡಿ ಮುಚ್ಚುವವರೆಗೂ ಇಬ್ಬರೂ ಜೊತೆಯಲ್ಲಿ ಮಣ್ಣು ತಳ್ಳಿದರು. ಊಟದ ಹೊತ್ತಿಗೆ ಸುಧಾಮಣಿ ಕರೆದಾಗ ಮೇಷ್ಟ್ರು ತಮ್ಮ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿಸಿದರು.

ಮಧ್ಯಾಹ್ನದ ಮೇಲೆ ಬಲ್ಬು ಮೇಲಿನ ತೂತಿನಲ್ಲೂ ಉರಿಯಿತು. ಹೊಸ ಗೀಸರ್ ಗೋಡೆ ಏರಿತು. ಕೆಲಸ ಮುಗಿದ ಮೇಲೆ ಶಿವಮಲ್ಲು, "ಮೊದ್ಲು ಯಾರು ನಲ್ಲಿ ಮುಟ್ಟೀರಿ?" ಎಂದು ಕೇಳಿದ. ಮೇಷ್ಟ್ರು ಯಾರೂ ಹೇಳದೆಯೇ ಮುಂದೆ ಹೋಗಿ ನಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ತಿರುಗಿಸಿದರು. ಏನೂ ಆಗಲಿಲ್ಲ. ಬಿಸಿನೀರು ಬಂತು.

ಮಾರನೆಯ ಬೆಳಗ್ಗೆ ಬಕೆಟ್ ತುಂಬಿಸಿದವರು ಮೇಷ್ಟ್ರು, ಮೊದಲು ಸ್ನಾನಕ್ಕೆ ಹೋದವರು ಸುಧಾಮಣಿ. ಮುಕ್ಕಾಲು ಗಂಟೆಯಾದರೂ ಒಳಗೆ ನೀರಿನ ಸದ್ದು ನಿಲ್ಲಲಿಲ್ಲ. ಮೇಷ್ಟ್ರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ, ಎಳೆಬಿಸಿಲಲ್ಲಿ, ತಮ್ಮ ಸರದಿ ಕಾಯುತ್ತಾ ಕೂತಿದ್ದರು.

"ಇನ್ನೂ ಎಷ್ಟೊತ್ತೇ?" ಎಂದು ಕೊನೆಗೂ ಕೇಳಿದರು.

"ವಿಚಾರ್ಸಿ ಹೇಳ್ತೀನಿ," ಎಂದು ಒಳಗಿನಿಂದ ಉತ್ತರ ಬಂತು.